ಒಂದು ಅಡಿಕೆಯ ಹೆಚ್ಚುವರಿ ತೂಕ

ನನ್ನ ಮಗಳ ಲಗ್ನಪತ್ರಿಕೆ ಲಕೋಟೆ ಸಮೇತ ನಲವತ್ತಾರು ಗ್ರಾಂ ಇತ್ತು. ನಮ್ಮ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಮೂರು ಸಲ ಇಟ್ಟು ನೋಡಿದೆ, ಮೂರು ಸಲವೂ ಅಷ್ಟೇ ಬಂತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆಮೇಲೆ ಆದದ್ದನ್ನು ನಮ್ಮ ನೆಂಟರು ತಲೆಗೊಂದು ಬಗೆಯಲ್ಲಿ ಹೇಳುತ್ತಾರೆ. ನಾನು ಸ್ಟಾಂಪನ್ನೇ ಹಚ್ಚಿರಲಿಲ್ಲ ಎಂದು ಒಬ್ಬರು, ಹಳೆಯ ಲಕೋಟೆಯಿಂದ ಬಿಡಿಸಿದ ಸ್ಟಾಂಪು ಹಚ್ಚಿದ್ದೆ ಎಂದು ಇನ್ನೊಬ್ಬರು. ಎರಡೂ ಸುಳ್ಳು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಆ ದಿನದ ನಡುಕ ಈಗಲೂ ಪೂರ್ತಿ ಹೋಗಿಲ್ಲವಾದ್ದರಿಂದ ಬರವಣಿಗೆ ಸ್ವಲ್ಪ ನಿಧಾನವಾದರೆ ಓದುವವರು ಸಹಿಸಬೇಕು.

ಪತ್ರಿಕೆಯನ್ನು ಕೂಡ್ಲಿಗಿಯ ಪ್ರೆಸ್ಸೊಂದರಲ್ಲಿ ಮಗಳೇ ಆರಿಸಿದ್ದಳು. ಹೊರಗೆ ರಟ್ಟಿನಂಥ ಕವಚ, ಒಳಗೆ ಎರಡು ದಪ್ಪ ಹಾಳೆ, ಹಾಳೆಗಳ ನಡುವೆ ಬೆಣ್ಣೆಕಾಗದ, ಸುತ್ತಲೂ ಕೆಂಪು ದಾರ, ದಾರದ ತುದಿಯಲ್ಲಿ ಹಿತ್ತಾಳೆ ಬಣ್ಣದ ಪುಟ್ಟ ಗಣಪತಿ. ಹಡಗಲಿ ಕಡೆಯ ಬೀಗರು ಅದನ್ನು ಅಂಗೈಯಲ್ಲಿಟ್ಟು ಮೇಲೆ ಕೆಳಗೆ ಆಡಿಸಿ, ಪತ್ರಿಕೆ ಭಾರವಾಗಿದೆ ಎಂದು ಮೆಚ್ಚಿದ್ದರು. ಲಗ್ನಪತ್ರಿಕೆಗೆ ಅದು ಹೊಗಳಿಕೆ. ಟಪಾಲಿಗೆ ಅಲ್ಲ.

ಟಪಾಲಿನಲ್ಲಿ ಹೋಗಬೇಕಾದ ಪತ್ರಿಕೆ ಇದ್ದದ್ದು ಒಂದೇ. ಹತ್ತಿರದವರಿಗೆ ನಾವೇ ಹೋಗಿ ಕೊಟ್ಟೆವು, ದೂರದವರಿಗೆ ಫೋನಿನಲ್ಲಿ ಫೋಟೋ ಕಳಿಸಿದೆವು. ಉಳಿದವರು ಹರಪನಹಳ್ಳಿಯಲ್ಲಿರುವ ನನ್ನ ಹೆಂಡತಿಯ ಅಣ್ಣ, ನನ್ನ ಭಾವ. ಅವರು ಮೆಕ್ಕೆಜೋಳ ಒಕ್ಕುವ ಯಂತ್ರ ಇಟ್ಟುಕೊಂಡು ಸುತ್ತಲಿನ ಊರುಗಳಿಗೆ ಬಾಡಿಗೆಗೆ ಕೊಡುತ್ತಾರೆ. ನಮ್ಮ ಮನೆಯೊಂದಿಗೆ ಅವರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಮಾತು ಬಿಟ್ಟದ್ದು ನಮ್ಮ ಹೊಸ ಮನೆಯ ಗೃಹಪ್ರವೇಶದ ಕಾರಣಕ್ಕೆ. ಆಗ ಎಲ್ಲ ಕೆಲಸ ಒಟ್ಟಿಗೇ ಬಂದು, ಹರಪನಹಳ್ಳಿಗೆ ಹೋಗಲಾಗದೆ, ಭಾವನಿಗೂ ಆಮಂತ್ರಣದ ಫೋಟೋವನ್ನೇ ಕಳಿಸಿಬಿಟ್ಟಿದ್ದೆವು. ಗೃಹಪ್ರವೇಶದ ದಿನ ಅವರು ಬರಲಿಲ್ಲ. ಮಧ್ಯಾಹ್ನ ಪಂಕ್ತಿ ನಡೆಯುತ್ತಿರುವಾಗ ನನ್ನ ಹೆಂಡತಿಯ ಫೋನಿಗೆ ಒಂದು ಫೋಟೋ ಬಂತು. ಹೊಸ ಧೋತರ ಉಟ್ಟು, ಹಣೆಗೆ ಕುಂಕುಮ ಇಟ್ಟು, ತಮ್ಮ ಮನೆಯ ಪಡಸಾಲೆಯಲ್ಲಿ ಬಾಳೆ ಎಲೆಯ ಮುಂದೆ ಕುಳಿತಿದ್ದರು. ಕೆಳಗೆ ಬರೆದಿತ್ತು: "ಫೋನಿನ್ಯಾಗ ಕರದಿದ್ರಿ, ಫೋನಿನ್ಯಾಗ ಬಂದೀನಿ. ಊಟ ಚಲೋ ಆಗೈತಿ." ಆಮೇಲೆ ಅವಳ ನಂಬರನ್ನು ಬ್ಲಾಕ್ ಮಾಡಿದರು. ಅಲ್ಲಿಂದ ಮುಂದೆ ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆದೊಯ್ಯಲು ಬರುವುದನ್ನೂ ನಿಲ್ಲಿಸಿದರು.

ಆದರೆ ಮದುವೆ ಗೃಹಪ್ರವೇಶದಂತಲ್ಲ. ನಮ್ಮಲ್ಲಿ ಮದುಮಗಳಿಗೆ ಬಾಸಿಂಗ ಕಟ್ಟುವವನು ಸೋದರಮಾವ. ಕೈ ಹಿಡಿದು ಹಂದರದೊಳಗೆ ಕರೆತರುವವನೂ ಅವನೇ, ಮಾವನ ಸೀರೆ ತರುವವನೂ ಅವನೇ. ನನ್ನ ಹೆಂಡತಿಗೆ ಇರುವುದು ಒಬ್ಬನೇ ಅಣ್ಣ. ದೂರದ ಅಣ್ಣಂದಿರಲ್ಲಿ ಯಾರನ್ನಾದರೂ ನಿಲ್ಲಿಸೋಣವೆಂದು ನಾನು ಒಂದು ಸಲ ಅಂದೆ. ಅವಳು ಎರಡು ದಿನ ಮಾತಾಡಲಿಲ್ಲ. ಅಣ್ಣ ಬರದಿದ್ದರೆ ತಾನೂ ಹಂದರಕ್ಕೆ ಬರುವುದಿಲ್ಲವೆಂದು ಮಗಳ ಮೂಲಕ ತಿಳಿಸಿದಳು.

ನಾವು ಕರೆಯಲು ಹೋಗಲಿಲ್ಲವೆಂದಲ್ಲ. ಹೋದೆವು, ಎರಡು ಸಲ. ಮೊದಲ ಸಲ ಅತ್ತಿಗೆ ಚಹಾ ಕೊಟ್ಟು, ಅವರು ಕೊಟ್ಟೂರಿಗೆ ಹೋಗಿದ್ದಾರೆ ಎಂದರು. ಭಾವನ ಚಪ್ಪಲಿ ಹೊಸ್ತಿಲ ಬಳಿಯೇ ಇತ್ತು. ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಎರಡನೆಯ ಸಲ ಚಪ್ಪಲಿ ಇರಲಿಲ್ಲ, ಕೆಮ್ಮು ಮಾತ್ರ ಇತ್ತು. ಪತ್ರಿಕೆಯನ್ನು ಅತ್ತಿಗೆಯ ಕೈಗೆ ಕೊಡೋಣವೆಂದರೆ ನನ್ನ ಹೆಂಡತಿ ಒಪ್ಪಲಿಲ್ಲ. ಕರೆಯನ್ನು ಅಣ್ಣನ ಕೈಗೇ ಇಡಬೇಕು, ಗೋಡೆಯ ಗೂಡಿನಲ್ಲಿಟ್ಟು ಬಂದರೆ ಅದು ಕರೆಯಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳಿಗೇ ಟಪಾಲು ಹೊಳೆಯಿತು.

"ನಮ್ಮನ್ನ ನೋಡಿದ್ರ ಒಳಗ ಹೋಗ್ತಾನ," ಎಂದಳು. "ಸರಕಾರದ ಮನುಷ್ಯಾ ಬಾಗಲಿಗೆ ಬಂದು ಹೆಸರು ಹಿಡದು ಕರದ್ರ ಕೆಮ್ಮಿಕೋತ ಕುಂದ್ರಾಕ ಬರಂಗಿಲ್ಲ."

ಮಾತು ಸರಿಯೆನಿಸಿತು. ಮರುದಿನ ಪತ್ರಿಕೆ ಹಿಡಿದುಕೊಂಡು ನಮ್ಮೂರ ಅಂಚೆ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದ ಹೆಣ್ಣುಮಗಳು ಸ್ಪೀಡ್ ಪೋಸ್ಟ್ ಮಾಡಿರಿ ಎಂದರು. ಅದರ ಮೇಲೆ ಕಳಿಸುವವರ ಹೆಸರು, ವಿಳಾಸ, ಫೋನ್ ನಂಬರು ಇರಬೇಕು. ನನ್ನ ಹೆಸರು ಕಂಡರೆ ಭಾವ ಲಕೋಟೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಬೇಡವೆಂದೆ. ಹಾಗಾದರೆ ಲಕೋಟೆಯ ಬಾಯಿ ಅಂಟಿಸದೆ ಬುಕ್ ಪೋಸ್ಟ್ ಎಂದು ಬರೆದು ಹಾಕಿರಿ, ಅಗ್ಗವಾಗುತ್ತದೆ ಎಂದರು. ಮನೆಗೆ ಬಂದು ಹೇಳಿದೆ. ಬಾಯಿ ತೆರೆದ ಲಕೋಟೆ ಹೋದರೆ, ತಂಗಿ ಅಂಟಿಗೆ ಸಹ ಖರ್ಚು ಮಾಡಲಿಲ್ಲ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ಬರುತ್ತಾನೆ ಎಂದಳು. ಅದೂ ಸರಿಯೆನಿಸಿತು. ಉಳಿದದ್ದು ಮಾಮೂಲಿ ಪತ್ರದ ದಾರಿ.

ಮಾಮೂಲಿ ಪತ್ರಕ್ಕೆ ಇಪ್ಪತ್ತು ಗ್ರಾಮಿನವರೆಗೆ ಐದು ರೂಪಾಯಿ. ಅದರ ಮೇಲೆ ಪ್ರತಿ ಇಪ್ಪತ್ತು ಗ್ರಾಂ 'ಅಥವಾ ಅದರ ಭಾಗಕ್ಕೆ' ಇನ್ನೈದು. ನನ್ನ ಪತ್ರಿಕೆ ನಲವತ್ತಾರು. ಎಂದರೆ ನಲವತ್ತಕ್ಕೆ ಎರಡು ಸ್ಟಾಂಪು, ಮೇಲಿನ ಆರು ಗ್ರಾಮಿಗೆ ಪೂರ್ತಿ ಇನ್ನೊಂದು. ಐದು ರೂಪಾಯಿ ನನಗೆ ದೊಡ್ಡದಲ್ಲ. ಆದರೆ ಆರು ಗ್ರಾಂ ಹೋಗಿ ಇಪ್ಪತ್ತು ಗ್ರಾಮಿನ ಜಾಗದಲ್ಲಿ ಕುಳಿತುಕೊಳ್ಳುವುದು ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದಂತೆ ಕಂಡಿತು. ಮೂವತ್ತು ವರ್ಷ ತಕ್ಕಡಿ ಕಲಿಸಿದವನಿಗೆ ಅದು ಸಹಿಸುವ ಮಾತಲ್ಲ. ಪತ್ರಿಕೆಯನ್ನು ಶಾಲೆಗೆ ಒಯ್ದೆ.

ಬೆಣ್ಣೆಕಾಗದ ತೆಗೆದೆ. ದಾರ ಬಿಚ್ಚಿದೆ. ಗಣಪತಿಯನ್ನು ಭಕ್ತಿಯಿಂದಲೇ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಇನ್ನೂ ಸ್ವಲ್ಪ ಉಳಿಯಿತು. ಎರಡನೆಯ ಹಾಳೆಯ ಕೆಳಗೆ ಸುಖಾಗಮನ ಬಯಸುವವರ ಪಟ್ಟಿ ಇತ್ತು. ಅದರ ಕೊನೆಯ ಎರಡು ಸಾಲನ್ನು ಅಳತೆಪಟ್ಟಿ ಇಟ್ಟು ನೆಟ್ಟಗೆ ಕತ್ತರಿಸಿದೆ. ನನ್ನ ಚಿಕ್ಕಪ್ಪನ ಮಕ್ಕಳು ಮೂವರು ಹೋದರು. ಅವರು ಭಾವನ ಸುಖಾಗಮನವನ್ನು ಅಷ್ಟೇನೂ ಬಯಸುತ್ತಿರಲಿಲ್ಲವೆಂದು ನನಗೆ ಗೊತ್ತು. ತಕ್ಕಡಿ ಮೂವತ್ತೊಂಬತ್ತೂವರೆ ತೋರಿಸಿತು. ಲಕೋಟೆಯ ಬಾಯಿ ಹಚ್ಚುವ ಅಂಟಿಗೆಂದು ಅರ್ಧ ಗ್ರಾಂ ಬಿಟ್ಟಿದ್ದೆ.

ಐದರ ಸ್ಟಾಂಪು ಎರಡು ಹಚ್ಚಿ, ಭಾವನ ವಿಳಾಸ ಬರೆದು, ನಮ್ಮ ಹೆಸರು ಬರೆಯದೆ, ಸಂಜೆ ಅದನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಸಂತೆಗೆ ಹೊರಟಿದ್ದಳು, ದಾರಿಯಲ್ಲೇ ಟಪಾಲು ಡಬ್ಬಿ. ಬಾಯಿ ಅಂಟಿಸಿ ಹಾಕಿಬಿಡು ಎಂದೆ. ಗಣಪತಿ ಎಲ್ಲಿ ಎಂದಳು. ತೂಕದ ವಿಷಯ ತಿಳಿಸಿದೆ. ಅವಳು ನನ್ನ ಮುಖವನ್ನೂ ಲಕೋಟೆಯನ್ನೂ ನೋಡಿದಳು, ಏನೂ ಹೇಳಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದದ್ದು ತಪ್ಪಾಯಿತು.

ಒಂದು ದಿನ ಕಳೆದು ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ, ಇಷ್ಟು ಹೊತ್ತಿಗೆ ಪತ್ರಿಕೆ ಹರಪನಹಳ್ಳಿ ಮುಟ್ಟಿರಬೇಕು ಎಂದೆ. ಮುಟ್ಟಿದರೆ ಕೆಲಸ ಆದಂತೆಯೇ ಎಂದಳು ಅವಳು. ಅಕ್ಷತೆ ಇದೆ, ಅಡಿಕೆಯೂ ಇದೆ.

ಮಂಡಕ್ಕಿ ನನ್ನ ಬಾಯಲ್ಲೇ ನಿಂತಿತು.

"ಯಾವ ಅಡಿಕಿ?"

"ಅಡಿಕಿ ಇಲ್ಲದ ಕರದ್ರ ಎಂಥಾ ಕರೆಯೋದ್ರಿ ಅದು? ಕವರಿನ್ಯಾಗ ಒಂದು ಹಾಕೀನಿ. ಕರದ ಅಡಿಕಿ ಒಡದಾವ ಬರಾಕ ಬೇಕು. ನಮ್ಮಪ್ಪನ ಮನಿ ಪದ್ಧತಿ."

"ಎಷ್ಟು ದೊಡ್ಡದು?"

"ಅಡಿಕಿಯಷ್ಟು ದೊಡ್ಡದು."

ದೇವರ ಮುಂದಿನ ತಟ್ಟೆಯಲ್ಲಿ ಅದರ ಜೊತೆಯವು ಇನ್ನೂ ಇದ್ದವು, ಗುಂಡಗಿನ ಇಡಿ ಅಡಿಕೆ. ಅದೇ ಗಾತ್ರದ ಒಂದನ್ನು ಆರಿಸಿಕೊಂಡು ಶಾಲೆಗೆ ಓಡಿದೆ. ಏಳು ಗ್ರಾಂ, ಮೇಲೆ ಎರಡು ದಶಾಂಶ. ಅಕ್ಷತೆಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನಾನು ಗಣಪತಿಯನ್ನು, ಮೂವರು ದಾಯಾದಿಗಳನ್ನು ಇಳಿಸಿ ಸಂಪಾದಿಸಿದ್ದ ಜಾಗದಲ್ಲಿ ಅಡಿಕೆ ಬಂದು ಕುಳಿತು, ಪತ್ರಿಕೆ ಮೊದಲಿದ್ದದ್ದಕ್ಕಿಂತ ಭಾರವಾಗಿತ್ತು.

ಹಳೆಯ ಕಾಲದವರಿಗೆ ಇದರ ಅರ್ಥ ಗೊತ್ತು. ಸ್ಟಾಂಪು ಕಡಿಮೆ ಬಿದ್ದ ಪತ್ರಕ್ಕೆ ಬೇರಿಂಗ್ ಎನ್ನುತ್ತಾರೆ. ಕಡಿಮೆ ಬಿದ್ದದ್ದರ ಎರಡು ಪಟ್ಟನ್ನು ಪತ್ರ ತೆಗೆದುಕೊಳ್ಳುವವರು ಕೊಡಬೇಕು, ಇಲ್ಲವೆ ಬೇಡವೆಂದು ತಿರುಗಿಸಬೇಕು. ಫೋಟೋದಲ್ಲಿ ಕರೆದದ್ದಕ್ಕೆ ಮೂರು ವರ್ಷ ಮಾತು ಬಿಟ್ಟ ಮನುಷ್ಯನನ್ನು ಈಗ ದಂಡ ಕಟ್ಟಿಸಿಕೊಂಡು ಮದುವೆಗೆ ಕರೆಯುತ್ತಿದ್ದೆವು. ರಜೆ ಚೀಟಿ ಬರೆದಿಟ್ಟು ಬಸ್ ಹತ್ತಿದೆ. ಪೋಸ್ಟ್‌ಮನ್ ಭಾವನ ಬಾಗಿಲಿಗೆ ಹೋಗುವ ಮುಂಚೆ ಆ ಲಕೋಟೆ ಹಿಡಿಯಬೇಕಿತ್ತು.

ಬಸ್ಸು ಕೊಟ್ಟೂರಿನಲ್ಲಿ ನಿಂತಿತು. ಡ್ರೈವರು ಇಳಿದು ಮೆಣಸಿನಕಾಯಿ ಬಜ್ಜಿ ಹೇಳಿದರು, ಎಣ್ಣೆ ಇನ್ನೂ ಕಾಯುತ್ತಿತ್ತು. ನಾನು ಕೆಳಗಿಳಿದು ಅವರ ಪಕ್ಕ ನಿಂತುಕೊಂಡೆ. ಅವರು ನನಗೂ ಒಂದು ತಟ್ಟೆ ಹೇಳಿದರು. ಬೇಡವೆನ್ನುವ ಶಕ್ತಿ ಇರಲಿಲ್ಲ, ತಿಂದೆ. ಕಣ್ಣಲ್ಲಿ ನೀರು ಬಂತು. ಅದು ಮೆಣಸಿನಕಾಯಿಯಿಂದಲೋ ಬೇರೆಯದರಿಂದಲೋ ಖಚಿತವಾಗಿ ಹೇಳಲಾರೆ.

ಹರಪನಹಳ್ಳಿಯ ಅಂಚೆ ಕಚೇರಿಯಲ್ಲಿ ಒಳಗೆ ಕುಳಿತವರಿಗೆ ನನ್ನ ಕಷ್ಟ ಹೇಳಿಕೊಂಡೆ. ಹೌದು, ಉಬ್ಬಿದ ಲಕೋಟೆಯೊಂದು ಇತ್ತು, ಹತ್ತು ರೂಪಾಯಿ ವಸೂಲಿ ಎಂದು ಗುರುತು ಹಾಕಿ ಕಳಿಸಿದ್ದೇವೆ ಎಂದರು. ಅದನ್ನು ವಾಪಸ್ ಪಡೆಯಬಹುದೇ ಎಂದೆ. ಕಳಿಸಿದವರು ಕೇಳಿದರೆ ನೋಡಬಹುದು, ಆದರೆ ಲಕೋಟೆಯ ಮೇಲೆ ಕಳಿಸಿದವರ ಹೆಸರೇ ಇಲ್ಲ, ಅದು ನಿಮ್ಮದು ಎನ್ನುವುದಕ್ಕೆ ಏನಿದೆ ಎಂದರು. ನ್ಯಾಯವಾದ ಪ್ರಶ್ನೆ. ನನ್ನಲ್ಲಿದ್ದ ಸಾಕ್ಷಿ ಒಂದೇ. ಜೇಬಿನಿಂದ ಗಣಪತಿಯನ್ನು ತೆಗೆದು ಮೇಜಿನ ಮೇಲಿಟ್ಟೆ, ಇದು ಆ ಪತ್ರಿಕೆಯದೇ ಎಂದೆ. ಅವರು ಕೈಮುಗಿದರು. ಮುಗಿದು, ಪೋಸ್ಟ್‌ಮನ್ ಆಗಲೇ ಹೊರಟು ಹೋಗಿದ್ದಾನೆ ಎಂದರು.

ಸುಗ್ಗಿಯಲ್ಲಿ ಭಾವನ ಟಪಾಲೆಲ್ಲ ಅವರ ಕಣಕ್ಕೇ ಹೋಗುತ್ತದೆಂದೂ ಅಂಚೆಯವರೇ ಹೇಳಿದರು. ಕಣ ಊರ ಹೊರಗೆ. ಆಟೋ ಹಿಡಿದು ಹೋದೆ. ಪೋಸ್ಟ್‌ಮನ್ ಇನ್ನೂ ಬಂದಿರಲಿಲ್ಲ. ಕಣದ ನಡುವೆ ಒಕ್ಕಿದ ಮೆಕ್ಕೆಜೋಳದ ರಾಶಿ, ಅದರ ಪಕ್ಕದಲ್ಲಿ ಹೊಟ್ಟೆ ಬಿಚ್ಚಿ ನಿಂತ ಯಂತ್ರ. ಭಾವ ಮೊಣಕೈವರೆಗೆ ಗ್ರೀಸು ಮಾಡಿಕೊಂಡು ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತು ಫೋನಿನಲ್ಲಿ ದಾವಣಗೆರೆಯ ಯಾವುದೋ ಅಂಗಡಿಯವನನ್ನು ಬೈಯುತ್ತಿದ್ದರು. ಅವರ ಟ್ರ್ಯಾಕ್ಟರ್ ಡ್ರೈವರು ನಟ್ಟು ಬಿಚ್ಚುವ ಪಾನಾ ಹಿಡಿದು ಪಕ್ಕದಲ್ಲಿ ನಿಂತಿದ್ದ. ನಾನು ಒಳಗೆ ಹೋಗುವ ಧೈರ್ಯ ಸಾಲದೆ, ಗೇಟಿನ ಹತ್ತಿರ ಒಟ್ಟಿದ್ದ ಚೀಲಗಳ ಹಿಂದೆ ನಿಂತೆ. ಪೋಸ್ಟ್‌ಮನ್ ಬಂದ ಕೂಡಲೇ ಅಲ್ಲೇ ತಡೆದು, ಹತ್ತು ರೂಪಾಯಿ ನಾನೇ ಕೊಟ್ಟು, ಲಕೋಟೆ ಶುದ್ಧವಾಗಿ ಒಳಗೆ ಹೋಗುವಂತೆ ಮಾಡುವುದು ನನ್ನ ಯೋಜನೆ.

ಪೋಸ್ಟ್‌ಮನ್ ಹಿಂದಿನ ದಾರಿಯಿಂದ ಬಂದರು. ನಾನು ನೋಡುವಷ್ಟರಲ್ಲಿ ಬೈಕು ರಾಶಿಯ ಆ ಕಡೆ ನಿಂತಿತ್ತು.

"ಅಣ್ಣಾರ, ನಿಮಗೊಂದು ಬೇರಿಂಗ್ ಬಂದೈತ್ರಿ," ಎಂದರು. "ಹತ್ತು ರೂಪಾಯಿ ಕೊಡ್ರಿ."

ಭಾವ ಫೋನಿನೊಳಗೆ, "ಬಂತು ಬಿಡ್ಲೇ, ಬದುಕಿದಿ," ಎಂದು ಹೇಳಿ ಕಟ್ ಮಾಡಿದರು.

ಅವರ ಯಂತ್ರದ ಬೇರಿಂಗ್ ಒಡೆದು ಕೆಲಸ ನಿಂತಿತ್ತು, ಹೊಸದನ್ನು ದಾವಣಗೆರೆಯಿಂದ ತರಿಸುತ್ತಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನನಗೆ ಕಂಡದ್ದಿಷ್ಟೇ: ತಂಗಿಯ ಹೆಸರು ಕೇಳಿದರೆ ಕೆಮ್ಮುವ ಭಾವ, ತಂಗಿಯ ಲಕೋಟೆಗೆ ಎರಡೂ ಕೈ ಚಾಚಿ ನಗುತ್ತಿದ್ದರು. ಹತ್ತರ ನೋಟು ಹಿಡಿದುಕೊಂಡು ಚೀಲಗಳ ಹಿಂದೆಯೇ ಉಳಿದೆ.

ಅವರು ಹತ್ತರ ನೋಟು ಕೊಟ್ಟರು. ಸಾಗಣೆಯ ಖರ್ಚು ಇಷ್ಟೇನಾ ಎಂದು ಮೆಚ್ಚುಗೆಯಿಂದ ಡ್ರೈವರಿಗೆ ಹೇಳಿದರು. ಲಕೋಟೆಯನ್ನು ಒತ್ತಿ ನೋಡಿದರು. ಬೆರಳಿಗೆ ಗುಂಡಗಿನದು ಸಿಕ್ಕಿತು. ಮುಖ ಸ್ವಲ್ಪ ಇಳಿಯಿತು.

"ಭಾಳ ಸಣ್ಣದು ಕಳಿಸ್ಯಾನಲ್ಲೋ."

"ಸೈಕಲ್ಲಿಂದು ಇರಬೇಕ್ರಿ," ಎಂದ ಡ್ರೈವರು.

ಭಾವ ಲಕೋಟೆಯ ಅಂಚನ್ನು ಹಲ್ಲಿನಿಂದ ಹರಿದು ಅಂಗೈಗೆ ಬಗ್ಗಿಸಿದರು. ಹಳದಿ ಅಕ್ಷತೆ ಗ್ರೀಸಿನ ಮೇಲೆ ಸುರಿದು ಅಲ್ಲಲ್ಲೇ ಅಂಟಿಕೊಂಡಿತು. ಅಡಿಕೆ ಅಂಗೈಗೆ ಬಿದ್ದು, ಪುಟಿದು, ಯಂತ್ರದ ಗಾಲಿಗೆ ಬಡಿದು, ಮೆಕ್ಕೆಜೋಳದ ರಾಶಿಯೊಳಗೆ ಹೋಯಿತು. ಡ್ರೈವರು ಬಗ್ಗಿ ಭಾವನ ಕೈಯನ್ನು ಹತ್ತಿರದಿಂದ ನೋಡಿದ.

"ಅಣ್ಣಾರ, ಬೇರಿಂಗಿಗೆ ಅರಿಶಿಣ ಹಚ್ಯಾರ್ರಿ."

ಭಾವ ಪತ್ರಿಕೆ ಹೊರಗೆಳೆದು ಓದಿದರು. ನಿಧಾನವಾಗಿ ಪೂರ್ತಿ ಓದಿದರು. ಎರಡನೆಯ ಹಾಳೆ ಎಲ್ಲಿ ಕತ್ತರಿಸಿತ್ತೋ ಅಲ್ಲಿ ಬೆರಳಾಡಿಸಿದರು. ಅದನ್ನು ಈಗ ಹರಿಯುತ್ತಾರೆ, ಅಥವಾ ಪೋಸ್ಟ್‌ಮನ್ ಕೈಗೆ ವಾಪಸ್ ಕೊಡುತ್ತಾರೆ ಎಂದು ನಾನು ಕಾದೆ. ಅವರು ಅದನ್ನು ಬುಟ್ಟಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಅಡಿಕೆ ಹುಡುಕಿರಿ ಎಂದರು. ಕರೆದ ಅಡಿಕೆ ಕಾಲಡಿಗೆ ಬೀಳಬಾರದು.

ಮೆಕ್ಕೆಜೋಳದ ರಾಶಿಯಲ್ಲಿ ಒಂದು ಅಡಿಕೆ ಹುಡುಕುವುದನ್ನು ಮಾಡಿದವರೇ ಬಲ್ಲರು. ಭಾವ, ಡ್ರೈವರು, ಪೋಸ್ಟ್‌ಮನ್ ಮೂವರೂ ಮೊಣಕಾಲೂರಿ ಕೈಗೆ ಸಿಕ್ಕಲ್ಲೆಲ್ಲ ಕೆದರತೊಡಗಿದರು. ಒಬ್ಬ ಹುಡುಕಿದ್ದನ್ನೇ ಇನ್ನೊಬ್ಬ ಹುಡುಕುತ್ತಿದ್ದ. ಅದನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗಲಿಲ್ಲ. ಚೀಲಗಳ ಹಿಂದಿನಿಂದ ಬಂದು, ರಾಶಿಯ ನನ್ನ ಬದಿಯಲ್ಲಿ ಬೆರಳಿನಿಂದ ಗೆರೆ ಎಳೆದು ಚೌಕ ಮಾಡಿಕೊಂಡು, ಒಂದೊಂದೇ ಚೌಕ ನೋಡುತ್ತಾ ಬಂದೆ. ಯಾರೂ ನನ್ನನ್ನು ಗಮನಿಸಲಿಲ್ಲ. ಆ ಕಡೆ ನೋಡಿದಿರೇನು ಎಂದು ಭಾವ ತಲೆಯೆತ್ತದೆ ಕೇಳಿದರು. ನೋಡಿದೆ, ಇಲ್ಲ ಎಂದೆ. ಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಮೊದಲ ಮಾತು ಅದು.

ಅಡಿಕೆ ಸಿಕ್ಕಿದ್ದು ಭಾವನಿಗೇ. ಅದನ್ನು ಅಂಗಿಗೆ ಒರೆಸಿದರು, ಎರಡೂ ಕಣ್ಣಿಗೆ ಒತ್ತಿಕೊಂಡರು. ಒತ್ತಿಕೊಂಡ ಮೇಲೆ, ತಾವು ಹಾಗೆ ಮಾಡಿದ್ದನ್ನು ಇನ್ಯಾರಾದರೂ ನೋಡಿದರೇ ಎಂಬಂತೆ ಸುತ್ತ ನೋಡಿದರು. ನಾನು ಎದುರಿಗೇ ಮಂಡಿಯೂರಿ ಕುಳಿತಿದ್ದೆ. ಅವರ ಎರಡೂ ಹುಬ್ಬಿಗೆ ಗ್ರೀಸು ಹತ್ತಿತ್ತು.

"ಮೇಷ್ಟ್ರೇ," ಎಂದರು. "ಇದು ನಿಮ್ಮ ಲೆಕ್ಕ ಅಲ್ಲೇನು?"

ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಲವತ್ತಾರು, ಮೂವತ್ತೊಂಬತ್ತೂವರೆ, ಏಳು ಮತ್ತು ಎರಡು ದಶಾಂಶ. ಇಪ್ಪತ್ತು ಗ್ರಾಂ ಅಥವಾ ಅದರ ಭಾಗದ ನಿಯಮವನ್ನೂ ವಿವರಿಸಿದೆ. ಪೋಸ್ಟ್‌ಮನ್ ತಲೆಯಾಡಿಸಿದರು. ಭಾವ ಕೊನೆಯವರೆಗೂ ಕೇಳಿಸಿಕೊಂಡರು.

"ಅಂದ್ರ ಗಣಪತೀನ ಇಳಿಸಿ ಅಡಿಕೀನ ಹತ್ತಿಸೀರಿ."

ನಾನು ಜೇಬಿನಿಂದ ಗಣಪತಿಯನ್ನು ತೆಗೆದು ಕೊಟ್ಟೆ. ಅವರು ತೆಗೆದುಕೊಂಡು ತಮ್ಮ ಜೇಬಿಗೆ ಹಾಕಿದರು. ಅದು ಒಳ್ಳೆಯ ಲಕ್ಷಣವೆನಿಸಿತು. ಹಾಗಾದರೆ ಮದುವೆಗೆ ಬರುತ್ತೀರಲ್ಲ ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು. ಅವರ ಮುಖ ಮತ್ತೆ ಗಟ್ಟಿಯಾಯಿತು. ತಾವು ತೆಗೆದುಕೊಂಡದ್ದು ಯಂತ್ರದ ಬೇರಿಂಗೆಂದು ತಿಳಿದೇ ಹೊರತು ಕರೆಯೆಂದು ಅಲ್ಲ, ಆದ್ದರಿಂದ ಕರೆ ಇನ್ನೂ ಮುಟ್ಟಿಲ್ಲ ಎಂದರು. ಪೋಸ್ಟ್‌ಮನ್ ಇದಕ್ಕೆ ಒಪ್ಪಲಿಲ್ಲ. ದುಡ್ಡು ಕಟ್ಟಿ, ಲಕೋಟೆ ಹರಿದು, ಓದಿದ ಮೇಲೆ ಅದು ಮುಟ್ಟಿದಂತೆಯೇ, ಇನ್ನು ತಿರುಗಿಸಲು ಬರುವುದಿಲ್ಲ. ಡ್ರೈವರು, ಅಣ್ಣಾರು ಕಣ್ಣಿಗೆ ಬೇರೆ ಒತ್ತಿಕೊಂಡಿದ್ದಾರೆ ಎಂದ. ಭಾವ ಅವನನ್ನು ಚಹಾ ತರಲು ಕಳಿಸಿದರು.

ನಾನು ಹತ್ತು ರೂಪಾಯಿ ಮುಂದೆ ಹಿಡಿದೆ.

"ಒಳಗ ಇಡ್ರಿ ಅದನ್ನ," ಎಂದರು ಭಾವ. "ನನ್ನ ತಂಗಿ ನನ್ನ ಕಡಿಂದ ದಂಡ ಕಟ್ಟಿಸ್ಯಾಳ. ನಾ ಅಕಿ ಕಡಿಂದನ ವಸೂಲಿ ಮಾಡ್ತೀನಿ. ಅಣ್ಣ ತಂಗಿ ನಡುವ ನೀವು ತಕ್ಕಡಿ ಹಿಡಕೊಂಡು ಬರಬ್ಯಾಡ್ರಿ."

ಚಹಾ ಕುಡಿಸಿ ಕಳಿಸಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡದೆ. ಅವಳು ತಲೆಬಿಸಿ ಮಾಡಿಕೊಳ್ಳುತ್ತಾಳೆಂದು ಅಂಜಿದ್ದೆ. ಅವಳು ಕೇಳಿದ್ದು ಎರಡೇ ಪ್ರಶ್ನೆ. ಕಣ್ಣಿಗೆ ಒತ್ತಿಕೊಂಡನೇ? ಒತ್ತಿಕೊಂಡರು. ಒಡೆದನೇ? ನಾನಿದ್ದಷ್ಟು ಹೊತ್ತು ಒಡೆಯಲಿಲ್ಲ, ಜೇಬಿನಲ್ಲಿತ್ತು. ಅವಳು ಒಳಗೆ ಹೋಗಿ ಅಡುಗೆ ಮುಂದುವರಿಸಿದಳು. ಅಂದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಆ ಮಾತನ್ನು ಎತ್ತುವುದು ಸರಿಯಲ್ಲವೆಂದು ಸುಮ್ಮನೆ ಉಂಡೆ.

ದಿನಗಳು ಹೋದವು. ಹಂದರದವನಿಗೆ ಮುಂಗಡ ಕೊಟ್ಟಾಯಿತು, ಹಡಗಲಿಯ ಮಲ್ಲಿಗೆಗೆ ಹೇಳಿಯಾಯಿತು, ಇಟ್ಟಿಗಿ ಊರಿನಿಂದ ಬರುವವರಿಗೆ ಬಸ್ಸು ಗೊತ್ತುಮಾಡಿಯಾಯಿತು. ಹರಪನಹಳ್ಳಿಯಿಂದ ಸುದ್ದಿಯಿಲ್ಲ. ಸೀರೆಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವಾಗ ನನ್ನ ಹೆಂಡತಿ ಮೇಲೆ ಒಂದು ಸೀರೆಯಷ್ಟು ಜಾಗ ಖಾಲಿ ಬಿಟ್ಟಳು. ಬಾಸಿಂಗ ಯಾರು ಕಟ್ಟುತ್ತಾರೆ ಎಂದು ಪುರೋಹಿತರು ಕೇಳಿದಾಗ, ಕಟ್ಟುವವರೇ ಕಟ್ಟುತ್ತಾರೆ ಎಂದಳು. ಮಗಳು ನನ್ನ ಮುಖ ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ.

ಮದುವೆಗೆ ವಾರವಿರುವಾಗ ನಮ್ಮೂರ ಪೋಸ್ಟ್‌ಮನ್ ಗೇಟಿನಲ್ಲಿ ನಿಂತು ಗಂಟೆ ಬಾರಿಸಿದರು. ಅವರ ಕೈಯಲ್ಲಿ ಹೊಟ್ಟೆ ಉಬ್ಬಿದ ಖಾಕಿ ಲಕೋಟೆ. ಸ್ಟಾಂಪು ಇರಬೇಕಾದ ಮೂಲೆಯಲ್ಲಿ ಸ್ಟಾಂಪು ಇಲ್ಲ. ಕಡಿಮೆ ಬಿದ್ದದ್ದಲ್ಲ, ಒಂದೂ ಇಲ್ಲ. ಆ ಜಾಗದಲ್ಲಿ ಕೆಂಪು ಶಾಯಿಯಿಂದ ದೊಡ್ಡ ಅಕ್ಷರದಲ್ಲಿ 'ಬೇರಿಂಗ್' ಎಂದು ಬರೆದಿತ್ತು. ಇದನ್ನು ಇಲಾಖೆಯವರು ಬರೆದದ್ದಲ್ಲ, ಕಳಿಸಿದವರೇ ಬರೆದಿದ್ದಾರೆ, ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ನೋಡಿರಲಿಲ್ಲ ಎಂದು ಪೋಸ್ಟ್‌ಮನ್ ಸ್ವಲ್ಪ ನೊಂದುಕೊಂಡೇ ಹೇಳಿದರು. ಒಳಗೆ ಏನೋ ಗಲಗಲ ಎನ್ನುತ್ತಿತ್ತು.

ಎಷ್ಟು ಕಟ್ಟಬೇಕೆಂದು ಕೇಳಿದೆ. ಅವರು ಹೇಳಿದ ಮೊತ್ತಕ್ಕೆ ನಾನು ಹಂತಗಳನ್ನು ಮನಸ್ಸಿನಲ್ಲಿ ಲೆಕ್ಕ ಹಾಕಲು ತೊಡಗುವಷ್ಟರಲ್ಲಿ ನನ್ನ ಹೆಂಡತಿ ಒದ್ದೆ ಕೈಯಲ್ಲೇ ಬಂದು ತನ್ನ ಪರ್ಸಿನಿಂದ ನೋಟು ತೆಗೆದು ಕೊಟ್ಟಳು, ಚಿಲ್ಲರೆಯನ್ನೂ ಕೇಳಲಿಲ್ಲ.

ಲಕೋಟೆಯನ್ನು ಪಡಸಾಲೆಯ ಚಾಪೆಯ ಮೇಲೆ ಬಗ್ಗಿಸಿದಳು. ಮೆಕ್ಕೆಜೋಳ ಸುರಿಯಿತು, ಸುಮಾರು ಎರಡು ಹಿಡಿ. ಪತ್ರವಿಲ್ಲ, ಒಂದಕ್ಷರವಿಲ್ಲ. ಭಾವ ತೂಕ ಹೆಚ್ಚಿಸಲೆಂದೇ ಕಾಳು ತುಂಬಿದ್ದರು. ಅವಳು ಕಾಳನ್ನು ಬೆರಳಿನಿಂದ ಅಗಲ ಮಾಡಿದಳು. ನಡುವೆ ಒಂದು ಬಟ್ಟೆಯ ಚೂರಿತ್ತು, ಚೂರಿನ ಮೂಲೆಯಲ್ಲಿ ಗ್ರೀಸಿನ ಕಲೆ. ಬಿಚ್ಚಿದಳು. ಅಡಕೊತ್ತಿನಿಂದ ಕತ್ತರಿಸಿದ ಅರ್ಧ ಅಡಿಕೆ.

"ಒಡದಾನ," ಎಂದಳು.

ಆಮೇಲೆ ಸ್ವಲ್ಪ ಹೊತ್ತು ಸೆರಗು ಬಾಯಿಗೆ ಹಿಡಿದು ಕುಳಿತಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಕುಳಿತ ಕಡೆಯಿಂದ ಕಾಣುತ್ತಿರಲಿಲ್ಲ, ಭುಜ ಅಲುಗುತ್ತಿದ್ದದ್ದು ಕಂಡೆ. ಮಗಳಿಗೆ ಕೂಗಿ, ಮಾವನ ಸೀರೆ ಬರುತ್ತದೆ, ಅದರ ಮೇಲಿನ ರವಿಕೆಗೆ ಅಳತೆ ಕೊಟ್ಟು ಬಾ ಎಂದಳು.

ನಾನು ಆ ಅರ್ಧ ಅಡಿಕೆಯನ್ನು ಸ್ವಲ್ಪ ಹೊತ್ತಿಗೆಂದು ಕೇಳಿ ಪಡೆದು ಶಾಲೆಗೆ ಒಯ್ದೆ. ಅದರ ಜೊತೆಯ ಅಡಿಕೆ ಏಳು ಗ್ರಾಂ ಎರಡು ದಶಾಂಶ ಇದ್ದದ್ದರಿಂದ ಅರ್ಧಕ್ಕೆ ಮೂರು ಗ್ರಾಂ ಆರು ದಶಾಂಶ ಬರಬೇಕು. ಅಡಿಕೆ ಅಡಿಕೆಗೆ ವ್ಯತ್ಯಾಸವಿರುತ್ತದೆ ಎಂಬುದು ನನಗೂ ಗೊತ್ತು. ಆದರೂ ತಕ್ಕಡಿ ಎರಡು ಗ್ರಾಂ ಒಂಬತ್ತು ದಶಾಂಶ ತೋರಿಸಿತು. ತಕ್ಕಡಿಯನ್ನು ಸೊನ್ನೆಗೆ ತಂದು ಇನ್ನೊಮ್ಮೆ ಇಟ್ಟೆ, ಅಷ್ಟೇ. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಅಡಕೊತ್ತು ನಡುವಿನ ಮೇಲೆ ಬಿದ್ದಿರಲಿಲ್ಲ, ಒಂದು ಬದಿಗೆ ಸರಿದಿತ್ತು.

ಸಂಜೆ ಅದನ್ನು ಹೆಂಡತಿಗೆ ಹಿಂದಿರುಗಿಸಿ, ಹೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹೇಳಿದೆ. ಇದು ಸರಿಯಾದ ಅರ್ಧವಲ್ಲ. ದೊಡ್ಡ ಪಾಲನ್ನು ನಿಮ್ಮ ಅಣ್ಣ ಇಟ್ಟುಕೊಂಡು ಸಣ್ಣದನ್ನು ಕಳಿಸಿದ್ದಾರೆ.

ಅವಳು ಮೊರದಲ್ಲಿ ಆ ಮೆಕ್ಕೆಜೋಳವನ್ನು ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅದನ್ನ ತೂಗಿ ನೋಡಬೇಕಿತ್ತೇನ್ರಿ?" ಎಂದಳು. "ಸಣ್ಣಾವ ಇದ್ದಾಗಿಂದ ಹಂಗ ಅದಾನ ಅವ."